ಹಾಡೋ ಪ್ಲೇಟು

ಕಣದಾಗ ರಾಶಿ ಮಾಡುವಾಗ ಹಾಡುವ ಹಂತಿಪದಕ್ಕೆ ನಮ್ಮ ತಂಡ ಗಿಟಾರ್ ಕೂಡಿಸಿದಾಗ ಊರ ಹಿರಿಯರೆಲ್ಲ ನಕ್ಕಿದ್ದರು. ಆದರೂ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಮೊದಲ ರಿಕಾರ್ಡು ಬಂದೇಬಿಟ್ಟಿತು. ನಮ್ಮ ಕಡೆ ರಿಕಾರ್ಡಿಗೆ ಪ್ಲೇಟು ಅಂತಿದ್ದರು. ಡಬ್ಬಿ ತುಂಬ ಪ್ಲೇಟು ತೊಡೆಯ ಮೇಲಿಟ್ಟುಕೊಂಡು ಲಿಂಗಸುಗೂರಿನಲ್ಲಿ ಸಿಂಧನೂರು ಬಸ್ಸು ಹತ್ತಿದೆ.

ಮಸ್ಕಿಯಲ್ಲಿ ಬಸ್ಸು ನಿಂತಾಗ ಕಂಡಕ್ಟರ್ ಹತ್ತಿರ ಬಂದ. "ಡಬ್ಬ್ಯಾಗ ಏನೈತಿ?"

"ಪ್ಲೇಟ್ ಅದಾವ್ರಿ."

"ಬಾಂಡೆ ಸಾಮಾನು ಒಳಗ ಇಡಂಗಿಲ್ಲ. ಟಾಪಿನ ಮ್ಯಾಲ ಏರ್ಸು."

ಡಬ್ಬಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡೆ. ಆ ಬಿಸಿಲಿಗೆ ಪ್ಲೇಟು ಹಪ್ಪಳದಂತೆ ಮುದುರುತ್ತವೆ. "ಉಣ್ಣೋ ಪ್ಲೇಟ್ ಅಲ್ರೀ, ಹಾಡೋ ಪ್ಲೇಟು!"

"ಹೌದಾ? ಹಂಗಾರ ಹಾಡ್ಸು, ನೋಡೂಣು."

ಇಡೀ ಬಸ್ಸು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು, ಪ್ಲೇಟಿನ ಮೊದಲ ಪದ ನಾನೇ ಎತ್ತಿದೆ. ಗಿಟಾರ್ ಇರಲಿಲ್ಲ, ಸೀಟಿನ ಕಂಬಿ ಬಡಿದೆ. ಬಸ್ಸು ಹೊರಟಿತು, ನಾನು ನಿಲ್ಲಿಸಲಿಲ್ಲ. ಗೊರೇಬಾಳಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ಹಿಂದಿನಿಂದ ಸೊಲ್ಲು ಹಿಡಿದರು. ನೋಡನೋಡುತ್ತಲೇ ನಕ್ಕವರೆಲ್ಲ ದನಿಗೂಡಿಸಿದರು. ಡ್ರೈವರ್ ಹಾರ್ನಿನಲ್ಲೇ ತಾಳ ಹಾಕತೊಡಗಿದ. ಡಬ್ಬಿಯ ಮಾತು ಯಾರೂ ಎತ್ತಲಿಲ್ಲ.

ಸಿಂಧನೂರು ಸ್ಟ್ಯಾಂಡಿನಲ್ಲಿ ಡಬ್ಬಿ ಎತ್ತಿಕೊಂಡು ಇಳಿಯಹೋದರೆ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗೆ ಹೊಂಟೀರಿ ಉಸ್ತಾದ್ರ? ಪ್ಲೇಟಿಗೆ ಎರಡು ಮಗ್ಗಲು ಇರ್ತಾವ. ಇನ್ನೊಂದ್ ಮಗ್ಗಲಾ ಹಾಡಿ ಇಳೀರಿ."

ಹಾಡಿದೆ. ಇಳಿಯಬೇಕಾದವರು ಒಬ್ಬರೂ ಇಳಿಯಲಿಲ್ಲ. ಬೇರೆ ಬಸ್ಸಿಗೆ ಹೋಗಬೇಕಾದವರೂ ನಮ್ಮ ಬಸ್ಸನ್ನೇ ಹತ್ತಿಬಿಟ್ಟರು.