ಪಟ್ಟಿ ಸರಳ ಮಾಡಲು ಹೋಗಿ

ಇಪ್ಪತ್ತಾರು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದೇನೆ. ಈಗಲೂ ಒಂದು ಪಟ್ಟಿ ಬೇಕೆಂದರೆ ಮೊದಲು ಖಾಲಿ ಪಟ್ಟಿ ಮಾಡಿ, ಆಮೇಲೆ ಸಾಲಿಗೊಂದರಂತೆ ಸೇರಿಸುತ್ತಾ ಹೋಗುತ್ತೇನೆ. ರಕ್ತದ ಸಕ್ಕರೆ ಸೇರಿಸು. ಥೈರಾಯ್ಡ್ ಸೇರಿಸು. ಹಿಮೋಗ್ಲೋಬಿನ್ ಸೇರಿಸು. ಇದು ದಂಡದ ಕೆಲಸವೆಂದು ನನಗೆ ಗೊತ್ತಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಒಂದು ಸೋಮವಾರ.

ನಜರ್‌ಬಾದಿನ ನಮ್ಮ ಪುಟ್ಟ ಆಫೀಸು ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಹೊಸದಾಗಿ ಬಂದ ಟೀಮ್ ಲೀಡ್ ಚೇತನ್, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಒಂದು ನಿಯಮ ತಂದ. ಪಟ್ಟಿ ಮಾಡುವಾಗಲೇ ಅದರೊಳಗಿನದನ್ನೆಲ್ಲ ಒಂದೇ ಬ್ರಾಕೆಟ್ಟಿನೊಳಗೆ ಬರೆದುಬಿಡಬೇಕು. ಖಾಲಿ ಮಾಡಿ ತುಂಬುವಂತಿಲ್ಲ. ತುಂಬಿದರೆ ಕಂಪ್ಯೂಟರು ಆ ಸಾಲಿನ ಕೆಳಗೆ ಗೀಟೆಳೆದು, ‘ಇದನ್ನು ಸರಳಗೊಳಿಸಬಹುದು’ ಎನ್ನುತ್ತದೆ. ನನ್ನ ಹಳೆಯ ಕೋಡಿನ ತುಂಬ ಮುನ್ನೂರಕ್ಕೂ ಹೆಚ್ಚು ಗೀಟುಗಳು!

ಹಾಗೆ ನೋಡಿದರೆ ಹೊಸ ಮಾತೇನಲ್ಲ. ಹೈಸ್ಕೂಲಿನ ಕನ್ನಡ ಮೇಡಂ ದ್ವಂದ್ವ ಸಮಾಸ ಎಂದು ಹೇಳಿಕೊಟ್ಟದ್ದೂ ಇದನ್ನೇ ತಾನೆ? ಗಿಡವೂ ಮರವೂ ಬಳ್ಳಿಯೂ ಎಂದು ಎಳೆಯಬೇಡಿ, ಗಿಡಮರಬಳ್ಳಿಗಳು ಅನ್ನಿ, ಮುಗಿಯಿತು. ಆಗಲೂ ನಾನು ಬಿಡಿಸಿ ಹೇಳುವ ಗುಂಪಿನವಳೇ.

“ಮೇಡಂ, ಒಂದು ಬಟನ್ ಒತ್ತಿದ್ರೆ ಎಲ್ಲಾ ತಾನೇ ಸರಿಹೋಗತ್ತೆ,” ಎಂದ ಚೇತನ್.

“ಬೇಡಪ್ಪ, ಕೈಯಲ್ಲೇ ಮಾಡ್ತೀನಿ.”

ಮಷೀನಿನ ಮೇಲೆ ನಂಬಿಕೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅದು ಜಂಬ. ದಿನಾ ಸಂಜೆ ಏಳು ಗಂಟೆಯವರೆಗೆ ಕೂತು ಗೀಟು ಅಳಿಸಿದೆ. ಹತ್ತನೆಯ ದಿನದ ಹೊತ್ತಿಗೆ ಕಣ್ಣು ಓದುತ್ತಿರಲಿಲ್ಲ, ಬೆರಳು ಮಾತ್ರ ಓಡುತ್ತಿತ್ತು. ಪೂರ್ತಿ ತಪಾಸಣೆಯ ಪಟ್ಟಿಯಲ್ಲಿ ಒಂದು ಪರೀಕ್ಷೆಯ ಮುಂದೆ ‘ಹೆಂಗಸಾದರೆ ಮಾತ್ರ’ ಎಂಬ ಷರತ್ತಿತ್ತು. ಷರತ್ತನ್ನು ಹೊರಗೆ ಬಿಟ್ಟು ಪರೀಕ್ಷೆಯನ್ನು ಒಳಗೆ ಸೇರಿಸಿಬಿಟ್ಟೆ.

ಎರಡು ದಿನ ಬಿಟ್ಟು ಲಕ್ಷ್ಮೀಪುರಂನ ಒಂದು ಲ್ಯಾಬಿನಿಂದ, ಕೌಂಟರಿನಲ್ಲಿ ಕೂರುವ ಜಯಮ್ಮ ಫೋನ್ ಮಾಡಿದರು.

“ಮೇಡಂ, ಇದೇನ್ ಕಣ್ರೀ? ಕೃಷ್ಣಪ್ಪನೋರ ಚೀಟೀಲಿ ಬಸಿರಿನ ಟೆಸ್ಟ್ ಬಂದ್ಬುಟ್ಟೈತೆ! ಅರವತ್ತೆಂಟು ವರ್ಸ ಅವರಿಗೆ!”

“ಅಯ್ಯೋ! ಬೇಜಾರು ಮಾಡ್ಕೊಂಡ್ರಾ?”

“ಎಲ್ಲಿ! ಡಾಕ್ಟ್ರು ಬರ್ದವ್ರೆ ಅಂದ್ರೆ ಮಾಡ್ಬುಡಿ ಅಂತ ಕೂತವ್ರೆ.”

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಇರಬೇಕಾದ ಪರೀಕ್ಷೆಯೊಂದು ಹೀಗೇ ಬಿಟ್ಟುಹೋಗಿದ್ದರೆ ಯಾರು ಫೋನ್ ಮಾಡುತ್ತಿದ್ದರು? ಸಾಲನ್ನು ಸರಿಮಾಡಿ ಎದ್ದಾಗ, ಪಕ್ಕದ ಕೋಣೆಯಲ್ಲಿ ಚೇತನ್ ಆ ಲ್ಯಾಬಿನ ಮಾಲೀಕರಿಗೆ ಫೋನಿನಲ್ಲಿ ಹೇಳುತ್ತಿದ್ದ: “ತಪ್ಪು ನಂದು ಸಾರ್, ನಾನು ತಂದ ನಿಯಮದಿಂದ ಆಗಿದ್ದು.”

ಸುಮ್ಮನಿರಬಹುದಿತ್ತು. ಅರ್ಧ ಗಂಟೆ ಸುಮ್ಮನಿದ್ದೆ ಕೂಡ. ನಿಯಮವೇ ಕೆಟ್ಟದ್ದು ಎಂದು ಆಫೀಸೆಲ್ಲ ಮಾತಾಡಿಕೊಳ್ಳತೊಡಗಿದಾಗ ಒಳಗೊಳಗೇ ಖುಷಿಯಾಯಿತು. ಆ ಖುಷಿಗೇ ನಾಚಿಕೆಯಾಗಿ ಅವನ ಕೋಣೆಗೆ ಹೋದೆ.

“ಚೇತನ್, ಬಟನ್ ಒತ್ತಿದ್ರೆ ಷರತ್ತಿರೋ ಸಾಲನ್ನ ಅದು ಮುಟ್ತಾನೇ ಇರಲಿಲ್ಲ. ಕೆಡಿಸಿದ್ದು ನನ್ನ ಕೈ ಕಣಪ್ಪ.”

“ಗೊತ್ತು ಮೇಡಂ.” ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. “ನೀವು ಕಳಿಸಿದ್ದನ್ನ ಓದಿ ಒಪ್ಪಿಗೆ ಕೊಡಬೇಕಾದವನು ನಾನು. ಓದಲೇ ಇಲ್ಲ. ಸುಮ್ನೆ ಓಕೆ ಒತ್ಬಿಟ್ಟೆ. ತುಂಬ ಸುಸ್ತಾಗಿತ್ತು.”

ಮೂವತ್ತೊಂದರವನಿಗೂ ಸುಸ್ತಾಗುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ಕೂತು, ನಾನು ಮುಟ್ಟಿದ್ದ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿದೆವು. ಬೇರೆ ತಪ್ಪಿರಲಿಲ್ಲ. ಉಳಿದ ಗೀಟುಗಳಿಗೆ ನಾನೇ ಬಟನ್ ಒತ್ತಿದೆ.

“ಮನೆಗೆ ಹೋಗಿ ಮೇಡಂ,” ಎಂದ.

“ನೀನೂ ಹೊರಡು,” ಎಂದೆ.

ರಾಮಕೃಷ್ಣನಗರದ ಮನೆ ಮುಂದೆ ಆಟೋದಿಂದ ಇಳಿದಾಗ ಇನ್ನೂ ಬಿಸಿಲಿತ್ತು. ಗೇಟಿನಲ್ಲಿದ್ದ ನನ್ನ ಗಂಡ ಗಾಬರಿಯಾದರು. “ಯಾಕೆ, ಹುಷಾರಿಲ್ವಾ?”

ಕಾರಣಗಳ ದೊಡ್ಡ ಪಟ್ಟಿಯೇ ಬಾಯಿಗೆ ಬಂತು. ಎಲ್ಲ ಬಿಟ್ಟು, “ಸುಸ್ತು ಕಣ್ರೀ,” ಎಂದೆ. ಅವರು ನನ್ನ ಕೈಯಿಂದ ಚೀಲ ಇಸಿದುಕೊಂಡರು.