ವಿಶಾಖಾ ಕೆರೆಗೆ ಬೆಲೆ ಕಟ್ಟಿದ್ದು

ಮಸರಕಲ್ಲಿನ ಪಕೀರಪ್ಪನ ಮಗಳು ವಿಶಾಖಾ ರಾಯಚೂರಿನಲ್ಲಿ ಕೋಣೆ ಹಿಡಿದು ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ ಮಾಡುತ್ತಿದ್ದಳು. ಸಂತೆಯಲ್ಲಿ ಸಿಗದ ಗಾಳಿ, ನೀರು, ನೆರಳಿಗೆ ಜನರ ಮನಸ್ಸಿನಲ್ಲಿ ಎಷ್ಟು ಬೆಲೆಯಿದೆ ಎಂದು ಅಳೆಯುವುದು ಅವಳ ವಿಷಯ. ಅದಕ್ಕಾಗಿ ನೀರಮಾನ್ವಿ ಕಡೆಯ ಹಳೆಯ ಕೆರೆಯೊಂದನ್ನು ಆರಿಸಿಕೊಂಡಿದ್ದಳು. ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ ಪಕೀರಪ್ಪ, ಕೆರೆಗೆ ರೇಟ್ ಹಚ್ಚುತ್ತಾಳೆ ಎಂದು ಹೇಳಿ, ಎರಡನೆಯ ಪ್ರಶ್ನೆ ಬರುವ ಮೊದಲೇ ಎದ್ದು ಹೋಗುತ್ತಿದ್ದ.

ಆ ಕೆರೆಯ ಊರಿನಲ್ಲಿ ಮನೆಮನೆಗೆ ಹೋಗಿ ಅವಳು ಕೇಳಬೇಕಿದ್ದದ್ದು ಇಷ್ಟೇ: ಕೆರೆ ಹಾಳಾಗದಂತೆ ಕಾಯಲು ವರ್ಷಕ್ಕೆ ಎಷ್ಟು ಕೊಡುತ್ತೀರಿ? ಒಬ್ಬರು ಹತ್ತು ರೂಪಾಯಿ ಎಂದರು. ಇನ್ನೊಬ್ಬರು, ಸರ್ಕಾರ ನಮಗೆಷ್ಟು ಕೊಡುತ್ತದೆ ಎಂದು ತಿರುಗಿ ಕೇಳಿದರು. ಒಂದು ಮಧ್ಯಾಹ್ನ ಅಕ್ಕಿ ಗಿರಣಿಯ ರಾಮಲಿಂಗಪ್ಪನ ಸರದಿ ಬಂತು. ಪ್ರಶ್ನೆ ಓದುತ್ತಿದ್ದಂತೆ ಅವಳ ಎಡಗಣ್ಣಿನ ರೆಪ್ಪೆ ತಾನಾಗಿ ಕೆಳಗಿಳಿಯಿತು. ತಿಂಗಳಿಂದ ಹಾಗಾಗುತ್ತಿತ್ತು, ಓದಿನ ದಣಿವು ಎಂದುಕೊಂಡಿದ್ದಳು. ರಾಮಲಿಂಗಪ್ಪ ಬೇರೆಯೇ ತಿಳಿದ. ಮೇಡಂ ಕಣ್ಣು ಹೊಡೆದರೆಂದರೆ ಕೆರೆ ಒಳಗೊಳಗೇ ಮಾರಾಟಕ್ಕಿದೆ. ಗಿರಣಿಯ ಸದ್ದಿನಲ್ಲೂ ದನಿ ತಗ್ಗಿಸಿದ.

“ನಲವತ್ತು ಲಕ್ಷ ಬರಕೋರಿ. ಮತ್ತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.”

ಸಮೀಕ್ಷೆಯಲ್ಲಿ ಬಂದ ಉತ್ತರವನ್ನು ಅವಳು ತಿದ್ದುವಂತಿರಲಿಲ್ಲ. ವಿಶಾಖಾ ಬರೆದುಕೊಂಡಳು. ಊರಿನ ಸರಾಸರಿ ಒಂದೇ ಏಟಿಗೆ ಮುಗಿಲು ಮುಟ್ಟಿತು. ಮಾರ್ಗದರ್ಶಕಿ ಸುನಂದಾ ಮೇಡಂ ಫೋನ್ ಮಾಡಿ, ಅದು ಕೆರೆಯೋ ಹಟ್ಟಿಯ ಚಿನ್ನದ ಗಣಿಯೋ ಎಂದು ವಿಚಾರಿಸಿದರು.

ರಾಮಲಿಂಗಪ್ಪ ಈ ಸುದ್ದಿಯನ್ನು ತನ್ನ ತಮ್ಮನಿಗೆ ಮಾತ್ರ ಹೇಳಿದ್ದ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಕೆರೆಯಲ್ಲಿ ಎಮ್ಮೆ ತೊಳೆಯುತ್ತಾ ವಿಶಾಖಾ ಬಂದುಹೋಗುವುದನ್ನು ದಿನವೂ ನೋಡುತ್ತಿದ್ದ ಗೋಪಮ್ಮ, ಮಾರಲು ಬಂದವಳನ್ನು ಬೈಯಲೆಂದೇ ದಾರಿಗಡ್ಡ ನಿಂತಳು. ಮುಖ ನೋಡಿ ಬೈಗುಳ ನುಂಗಿದಳು.

“ಮುಂಜಾನಿ ನಿನ್ನ ಕಣ್ಣು ಛಲೋ ಇರ್ತಾವ, ಮಧ್ಯಾಹ್ನಾದ್ರ ಎಡಗಣ್ಣು ಬೀಳ್ತದ. ಕೆರಿ ಎಲ್ಲಿಗೂ ಹೋಗಂಗಿಲ್ಲ. ನೀ ಮೊದಲ ದವಾಖಾನಿಗೆ ಹೋಗವ್ವಾ.”

ರಾಯಚೂರಿನ ನರರೋಗದ ವೈದ್ಯರು ಮಂಜುಗಡ್ಡೆಯ ಪೊಟ್ಟಣವನ್ನು ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟರು. ರೆಪ್ಪೆ ಮೇಲೆದ್ದಿತು, ಅದೇ ರೋಗದ ಮೊದಲ ಗುರುತು. ರಕ್ತಪರೀಕ್ಷೆ ರೋಗದ ಹೆಸರನ್ನು ಖಚಿತಪಡಿಸಿತು: ಮಯಸ್ತೇನಿಯಾ. ದೇಹವನ್ನು ಕಾಯುವ ಶಕ್ತಿಯೇ ದಾರಿ ತಪ್ಪಿ, ನರಗಳ ಅಪ್ಪಣೆ ಸ್ನಾಯುಗಳಿಗೆ ಮುಟ್ಟುವ ಜಾಗದ ಮೇಲೆ ಬಿದ್ದಿತ್ತು. ಅಂದರೆ ವಾಚ್‌ಮನ್ನೇ ಮನೆಯವರನ್ನು ಬಡಿಯುತ್ತಿದ್ದಾನೆ ಎಂದ ಜೊತೆಗೆ ಬಂದಿದ್ದ ಪಕೀರಪ್ಪ. ತಾವು ಇಷ್ಟು ಚೆನ್ನಾಗಿ ಹೇಳಲಾರೆವೆಂದು ವೈದ್ಯರು ಒಪ್ಪಿಕೊಂಡರು. ಹೊರಗೆ ಬಂದ ಮೇಲೆ ಅವನು ಔಷಧಿ ಅಂಗಡಿಯನ್ನು ದಾಟಿ ಹೋಗಿ, ಮತ್ತೆ ತಿರುಗಿ ಬಂದ. ವಿಶಾಖಾ ಬಸ್ಸಿನ ಕಿಟಕಿಗೆ ಮುಖ ಮಾಡಿ, ಮಸರಕಲ್ ಬರುವವರೆಗೂ ಅತ್ತಳು.

ಎರಡು ತಿಂಗಳ ಮಾತ್ರೆಯ ನಂತರ ಮತ್ತೆ ಹೊರಟಳು, ಮುಂಜಾನೆ ಮಾತ್ರ. ರೋಗದ ವಿಷಯ ಕೇಳಿ ರಾಮಲಿಂಗಪ್ಪ ನಾಚಿದ. ನಲವತ್ತು ಲಕ್ಷ ಇಳಿದು ಐನೂರಕ್ಕೆ ನಿಂತಿತು. ಗೋಪಮ್ಮ ರೊಕ್ಕದ ಮಾತೇ ಎತ್ತಲಿಲ್ಲ.

“ವರ್ಷಕ್ಕ ಎಂಟು ದಿನ ಹೂಳು ಎತ್ತತೀನಿ. ಬರಕೋ.”

ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ವಿಶಾಖಾ ಪೆನ್ನಿನಲ್ಲೇ ಗೆರೆ ಎಳೆದು ಹೊಸ ಕಾಲಂ ಮಾಡಿದಳು. ಆಮೇಲೆ ಅರ್ಧ ಊರು ರೂಪಾಯಿಯ ಬದಲು ದುಡಿಮೆಯ ದಿನಗಳ ಲೆಕ್ಕದಲ್ಲೇ ಉತ್ತರ ಕೊಟ್ಟಿತು. ಇದು ಊಹೆಯ ಪ್ರಶ್ನೆ, ನಿಜವಾಗಿ ಮಾಡಬೇಕಿಲ್ಲ ಎಂದು ಎಷ್ಟು ಹೇಳಿದರೂ, ಬರೆಸಿದ ಮೇಲೆ ಮಾಡದಿದ್ದರೆ ಹೇಗೆ ಎಂದರು. ಬೇಸಿಗೆಯಲ್ಲಿ ಬುಟ್ಟಿ, ಸಲಿಕೆ ಹಿಡಿದು ಕೆರೆಗೆ ಇಳಿದೇ ಬಿಟ್ಟರು. ರಾಮಲಿಂಗಪ್ಪ ಟ್ರ್ಯಾಕ್ಟರ್ ಕಳಿಸಿದ. ವಿಶಾಖಾಳ ಮಹಾಪ್ರಬಂಧ ಮಾತ್ರ ಇನ್ನೂ ಮೂರನೆಯ ಅಧ್ಯಾಯದಲ್ಲಿತ್ತು.