ಮಾವನ ಗೋಧಿ ಹೊಲಕ್ಕೆ ಗ್ರಾಫಿಕ್ಸ್ ಸಾಲದು

"ಗ್ರಾಫಿಕ್ಸ್ ಸಾಲ್ದು ಕಣವ್ವ," ಎಂದರು ಮಾವ, ಬೆಳಗಿನ ಕಾಫಿ ಲೋಟ ಕೆಳಗಿಡುತ್ತಾ. "ಗೋಧಿ ಪೈರು ಪೊರಕೆ ಕಡ್ಡಿ ನೆಟ್ಟಂಗೆ ಕಾಣ್ತೈತೆ."

ಜೀವಮಾನವೆಲ್ಲ ಗುಡೇಮಾರನಹಳ್ಳಿಯಲ್ಲಿ ರಾಗಿ, ಹಿಪ್ಪುನೇರಳೆ ಬಿಟ್ಟು ಬೇರೇನೂ ಬೆಳೆಯದ ಮನುಷ್ಯ. ಗೋಧಿ ಎಲ್ಲಿಂದ ಬಂತು ಅಂತೀರಾ? ಲ್ಯಾಪ್‌ಟಾಪ್‌ನಿಂದ.

ಮಾವನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಮೂರು ತಿಂಗಳು ಹೊಲದ ಕಡೆ ತಲೆ ಹಾಕಿಯೂ ಮಲಗಬಾರದೆಂದು ಡಾಕ್ಟರ ಕಟ್ಟಪ್ಪಣೆ. ಮಾವ ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಕೋಲೂರಿಕೊಂಡು ಬದುವಿನವರೆಗೆ ಹೋಗಿ ಸಿಕ್ಕಿಬಿದ್ದರು. ಬೈಗುಳ ಬಿದ್ದದ್ದು ನನಗೆ. (ಸೊಸೆ ಇರುವುದು ಮತ್ತೇಕೆ?) ಎಡವಿ ಬಿದ್ದರೆ ಮತ್ತೆ ಆಪರೇಷನ್ನೇ ಗತಿ ಎಂದರು ಡಾಕ್ಟರು.

ಕೊನೆಗೆ ಮಗಳ ಹಳೆಯ ಗೇಮಿಂಗ್ ಲ್ಯಾಪ್‌ಟಾಪ್ ತಂದು ಮುಂದಿಟ್ಟೆ. ಅದರಲ್ಲೊಂದು ಬೇಸಾಯದ ಗೇಮ್. ಉಳಬಹುದು, ಬಿತ್ತಬಹುದು, ಕೊಯ್ಯಬಹುದು. ಟಿವಿ ಚಾನೆಲ್ ಬದಲಿಸಲು ನನ್ನನ್ನು ಕೂಗುವ ಮಾವ ಇದನ್ನು ಹೇಗೆ ಕಲಿತರೋ, ಕೆಂಗಲ್ ಆಂಜನೇಯನೇ ಬಲ್ಲ. ಅಂತೂ ಕುರ್ಚಿ ಬಿಟ್ಟು ಅಲುಗಲಿಲ್ಲ. ಮನೆಯಲ್ಲಿ ನೆಮ್ಮದಿ.

ಈಗ ಗೊತ್ತಾಯಿತಲ್ಲ, ಗ್ರಾಫಿಕ್ಸ್ ಸಾಲದು ಎಂದಾಗ ನಾನು ಯಾಕೆ ಹೆದರಿದೆ ಅಂತ? ಗೇಮ್ ಬೇಸರವಾದರೆ ಮಾವ ಏಳುತ್ತಾರೆ. ಮಾವ ಎದ್ದರೆ ಮೊಣಕಾಲು ಕೆಡುತ್ತದೆ.

ಗೇಮಿನ ಟ್ರ್ಯಾಕ್ಟರ್ ನಿಜಕ್ಕೂ ತಡವರಿಸುತ್ತಿತ್ತು. ಲ್ಯಾಪ್‌ಟಾಪ್ ಕಾದ ಕಾವಲಿ. ಮಧ್ಯಾಹ್ನ ಬಂದು ನೋಡುತ್ತೇನೆ, ಟೇಬಲ್ ಫ್ಯಾನಿಗೆ ಒದ್ದೆ ಗೋಣಿಚೀಲ ಕಟ್ಟಿ ಅದರ ಕಡೆಗೆ ತಿರುಗಿಸಿದ್ದಾರೆ! ಬೇಸಿಗೆಯಲ್ಲಿ ರೇಷ್ಮೆಹುಳು ಸಾಕುವ ಮನೆಯ ಕಿಟಕಿಗೆ ನಾವು ಕಟ್ಟುವುದು ಹಾಗೇ, ಹುಳು ತಂಪಾಗಿರಲಿ ಅಂತ. ಹುಳುವಿಗೆ ಆಗುವುದು ಇದಕ್ಕೇಕೆ ಆಗಬಾರದು ಎಂಬುದು ಮಾವನ ಲಾಜಿಕ್. ಹುಳುವಾದರೆ ಗೂಡು ಕಟ್ಟುತ್ತಿತ್ತು. ಲ್ಯಾಪ್‌ಟಾಪ್ ಆಫ್ ಆಯಿತು.

ಎತ್ತಿಕೊಂಡು ರಾಮನಗರಕ್ಕೆ ಓಡಿದೆ. ರಿಪೇರಿ ಅಂಗಡಿ ಇಟ್ಟಿರುವ ಶಬಾನಾಗೆ, ಇರುವುದರಲ್ಲೇ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಬಿಡಮ್ಮ ಎಂದೆ. ಆಕೆ ನಕ್ಕಳು. ಇದರಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೇ ಬೆಸೆದಿರುತ್ತಾರಂತೆ, ಕಿತ್ತು ಬೇರೆ ಹಾಕಲಾಗದಂತೆ. ಪುಣ್ಯಕ್ಕೆ ಒಳಗೆ ನೀರು ಹೋಗಿರಲಿಲ್ಲ. ಒಳಗಿನ ಪುಟ್ಟ ಫ್ಯಾನಿನ ತುಂಬ ಮಾವನ ಕಂಬಳಿಯ ಜುಂಗು ಸಿಕ್ಕಿತು. ಅದನ್ನು ತೆಗೆದು, ಚಿಪ್ಪಿಗೆ ಕಾವು ಇಳಿಸುವ ಹೊಸ ಪೇಸ್ಟ್ ಹಚ್ಚಿ, ಇನ್ನೊಂದು ರ್‍ಯಾಮ್ ಸೇರಿಸಿದಳು. ಭಾರ ಕಡಿಮೆಯಾಗಲಿ ಎಂದು ಗೇಮಿನ ಸೆಟ್ಟಿಂಗ್ಸ್‌ನಲ್ಲಿ ನೆರಳು ತೆಗೆದಳು. ಟ್ರ್ಯಾಕ್ಟರ್ ಬೆಣ್ಣೆಯಂತೆ ಓಡಿತು.

ಮನೆಯಲ್ಲಿ ಮಾವ ಒಂದು ಸುತ್ತು ಉತ್ತು ಟ್ರ್ಯಾಕ್ಟರ್ ನಿಲ್ಲಿಸಿದರು.

"ಮರಕ್ಕೆ ನೆಳ್ಳೇ ಇಲ್ವಲ್ಲವ್ವ. ಆಳುಗೋಳು ಎಲ್ ಕುಂತು ಉಂಡಾರು?"

ಇದರಲ್ಲಿ ಆಳುಗಳೇ ಇಲ್ಲ ಮಾವ ಎಂದೆ.

"ಅದ್ಕೇ ಇಲ್ಲ."

ಶಬಾನಾಗೆ ಫೋನ್ ಮಾಡಿದೆ. ರ್‍ಯಾಮ್ ಹಾಕಿದ್ದೀನಲ್ಲ ಆಂಟಿ, ಎಲ್ಲವನ್ನೂ ಒಂದೊಂದು ಮೆಟ್ಟಿಲು ಏರಿಸಿ ನೋಡಿ ಎಂದಳು. ಏರಿಸಿದೆ. ಮರದ ಕೆಳಗೆ ನೆರಳು ಬಿತ್ತು. ಪೈರಿಗೆ ತೆನೆ ಬಂತು. ಉತ್ತ ಮಣ್ಣು ಹಸಿಹಸಿಯಾಗಿ ಹೊಳೆಯಿತು. ಮಾವ ಕಣ್ಣು ಮಿಟುಕಿಸದೆ ನೋಡಿದರು. ಗೆದ್ದೆ ಅಂದುಕೊಂಡು ಸಾರಿಗೆ ಒಗ್ಗರಣೆ ಹಾಕಲು ಹೋದೆ.

ವಾಪಸು ಬಂದರೆ ಟ್ರ್ಯಾಕ್ಟರ್ ಹೊಲದ ನಡುವೆ ನಿಂತಿದೆ. ಕುರ್ಚಿ ಖಾಲಿ. ಕೋಲೂ ಇಲ್ಲ.

ಒಲೆ ಆರಿಸಿ ಓಡಿದೆ. ಮಾವ ನಮ್ಮ ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದರು. ಕಾಲು ನಡುಗುತ್ತಿತ್ತು. ನನಗೆ ಕೆಟ್ಟ ಕೋಪ ಬಂತು. ಮುಖ ನೋಡಿದ ಮೇಲೆ ಅದೂ ಹೋಯಿತು. ಆಪರೇಷನ್ ಆದಾಗಿನಿಂದ ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಅಲ್ಲಿ ಹಸಿ ಮಣ್ಣು ಕಾಣ್ತು ಕಣವ್ವ," ಎಂದರು. "ನಮ್ದು ಎಂಗೈತೋ, ಒಸಿ ನೋಡ್ಬುಟ್ಟು ಹೋಗವಾ ಅಂತ ಬಂದೆ."

ಹೆಗಲು ಕೊಟ್ಟು ವಾಪಸು ಕರೆತಂದೆ. ಸಂಜೆಗೆ ಮೊಣಕಾಲು ಊದಿತು, ಡಾಕ್ಟರು ಫೋನಿನಲ್ಲೇ ನನಗೆ ಮಂಗಳಾರತಿ ಎತ್ತಿದರು. ಮಾವ ಮಲಗಿದ ಮೇಲೆ ಮಾಡಿದ ಮೊದಲ ಕೆಲಸ, ಗ್ರಾಫಿಕ್ಸನ್ನು ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಸಿದ್ದು. ಕೇಳಿದರೆ ವೋಲ್ಟೇಜ್ ಇಲ್ಲ ಎನ್ನುತ್ತೇನೆ.

ಅಲ್ಲ, ಹೊಲವನ್ನು ಅಷ್ಟು ಚೆನ್ನಾಗಿ ತೋರಿಸಿದ ಮೇಲೂ ಕುರ್ಚಿಯಲ್ಲೇ ಕೂತಿರು ಎಂದು ರೈತನಿಗೆ ಹೇಳುವುದು ಯಾವ ನ್ಯಾಯ?